ಡೋನಟ್ ಹುಡುಗಿಯರು ಕಲಿಸುವ ಪಾಠ

ವಡೆಗೆ ನಡುವೆ ತೂತು ಮಾಡುವುದು ನಮಗೇನೂ ಹೊಸದಲ್ಲ. ಅಮೆರಿಕದವರು ಮೈದಾಹಿಟ್ಟಿನಲ್ಲಿ ಹಾಗೆಯೇ ತೂತಿನ ಸಿಹಿ ತಿಂಡಿಯೊಂದನ್ನು ಕರಿಯುತ್ತಾರೆ. ಅದೇ ಡೋನಟ್. ಈ ತಿಂಡಿಯಿಂದಾಗಿ ಒಂದಷ್ಟು ಹೆಣ್ಣುಮಕ್ಕಳಿಗೆ 'ಡೋನಟ್ ಡಾಲಿ' ಎಂಬ ಅಡ್ಡಹೆಸರೇ ಬಂತು ಅಂದರೆ ನಂಬುತ್ತೀರಾ?

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆ ಬಸ್ಸುಗಳೊಳಗೇ ಅಡಿಗೆಮನೆ ಮಾಡಿಸಿ, ಇಂಗ್ಲೆಂಡಿನಲ್ಲಿದ್ದ ತಮ್ಮ ಸೈನಿಕ ನೆಲೆಗಳಿಗೆ ಕಳಿಸಿತು. ಮನೆ ಬಿಟ್ಟು ಬಂದ ಸೈನಿಕರಿಗೆ ಹೆಂಗಸರು ಡೋನಟ್ಟನ್ನೂ ಬಿಸಿ ಕಾಫಿಯನ್ನೂ ಹಂಚಿದರು. ಮುಂದೆ ವಿಯೆಟ್ನಾಂ ಯುದ್ಧದಲ್ಲಿ, 1965ರಿಂದ 1972ರ ತನಕ, ಅದೇ ಸಂಸ್ಥೆಯಿಂದ 600ಕ್ಕೂ ಹೆಚ್ಚು ತರುಣಿಯರು ಹೋದರು. ಯಾರ ಬಲವಂತವೂ ಇರಲಿಲ್ಲ. ಆಗಷ್ಟೇ ಕಾಲೇಜು ಮುಗಿಸಿ, ತಾವಾಗಿಯೇ ಅರ್ಜಿ ಹಾಕಿದವರು. ತಿಳಿನೀಲಿ ಉಡುಪು, ಕೈಯಲ್ಲಿ ತಾವೇ ತಯಾರಿಸಿದ ಆಟದ ಸಾಮಾನು. ಬಂದೂಕು ಮಾತ್ರ ಇಲ್ಲ! ಇಬ್ಬಿಬ್ಬರಾಗಿ ಹೆಲಿಕಾಪ್ಟರ್ ಹತ್ತಿ ದೂರದ ಶಿಬಿರಗಳಿಗೆ ಹೋಗಿ, ಆಟ ಆಡಿಸಿ, ನಗಿಸಿ, ಸ್ವಲ್ಪ ಹೊತ್ತು ಯುದ್ಧ ಮರೆಸಿ ಬರುವುದೇ ಅವರ ಕೆಲಸ.

"ಅಯ್ಯೋ, ಗುಂಡು ಹಾರುವ ಜಾಗಕ್ಕೆ ಹೆತ್ತವರು ಹೇಗಾದರೂ ಕಳಿಸಿದರೋ!" ಅಂತೀರಾ? ನಿಜ, ಅವರಲ್ಲಿ ಮೂವರು ಅಲ್ಲಿಯೇ ತೀರಿಕೊಂಡರು. ಆದರೆ ಒಬ್ಬರೂ ಶತ್ರುವಿನ ಗುಂಡಿಗೆ ಬಲಿಯಾದವರಲ್ಲ. 1969ರಲ್ಲಿ ಒಬ್ಬಾಕೆ ಜೀಪು ಅಪಘಾತದಿಂದ. 1970ರಲ್ಲಿ ಇನ್ನೊಬ್ಬಾಕೆ, ಬಂದು ತಿಂಗಳು ತುಂಬುವ ಮೊದಲೇ, ಕಾವಲಿದ್ದ ನೆಲೆಯೊಳಗೆ, ತಾನು ಮಲಗುವ ಕೋಣೆಯಲ್ಲೇ ಕೊಲೆಯಾದಳು. 1971ರಲ್ಲಿ ಮೂರನೆಯವಳನ್ನು ಕಾಯಿಲೆ ಒಯ್ದಿತು.

ರಸ್ತೆ, ಕೋಣೆ, ಕಾಯಿಲೆ. ಈ ಮೂರು ಇಲ್ಲದ ಪರದೇಶ ಯಾವುದಿದೆ ಹೇಳಿ? ಮಗಳು ಓದಲಿಕ್ಕೆ ಹೊರಟಿರಲಿ, ಸೇವೆಗೆ ಹೊರಟಿರಲಿ, ಅವಳ ಬಾಣಂತನಕ್ಕೆಂದು ನೀವೇ ವಿಮಾನ ಹತ್ತಿರಿ, ನೆನಪಿಡಬೇಕಾದದ್ದು ಇವನ್ನೇ.

ರಸ್ತೆ: ಗುರುತಿಲ್ಲದವರ ಗಾಡಿ ಹತ್ತಬೇಡಿ. ಹಿಂದಿನ ಸೀಟಾದರೂ ಬೆಲ್ಟು ಕಟ್ಟಿಕೊಳ್ಳಿ. ಎಲ್ಲಿಗೆ ಹೊರಟಿರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎನ್ನುವುದು ಒಬ್ಬರಿಗಾದರೂ ಗೊತ್ತಿರಲಿ.

ಕೋಣೆ: ಪೆಟ್ಟಿಗೆ ಇಳಿಸಿದ ಕೂಡಲೇ ಚಿಲಕ, ಕಿಟಕಿ ನೋಡಿ. ಸರಿಯಿಲ್ಲದಿದ್ದರೆ ಬೇರೆ ಕೋಣೆ ಕೇಳಿ, ಸಂಕೋಚ ಬೇಡ. ತಪ್ಪು ಎಂದಿಗೂ ಕೇಡು ಮಾಡಿದವನದೇ. ಆದರೂ "ಇದು ನಮ್ಮವರದೇ ಜಾಗ" ಅಂತ ಮೈಮರೆಯುವುದು ಬೇಡ.

ಕಾಯಿಲೆ: ಹೊರಡುವ ಮುಂಚೆ ಚುಚ್ಚುಮದ್ದು, ವಿಮೆ ಎರಡೂ ಆಗಿರಲಿ. ಔಷಧಿಯ ಜೊತೆ ವೈದ್ಯರ ಚೀಟಿಯೂ ಇರಲಿ. ಕೈಕಾಲಲ್ಲಿ ಶಕ್ತಿ ಕುಂದಿದಂತೆ ಅನ್ನಿಸಿದರೆ "ದಣಿವು, ನಾಳೆ ಸರಿಹೋಗುತ್ತೆ" ಅನ್ನದೆ ಆಗಲೇ ಆಸ್ಪತ್ರೆಗೆ ಹೋಗಿ.

ಇನ್ನು ಪಾಸ್‌ಪೋರ್ಟಿನ ಒಂದು ಪ್ರತಿ ಬೇರೆ ಚೀಲದಲ್ಲಿ, ಇನ್ನೊಂದು ಮನೆಯಲ್ಲಿ. ಆ ದೇಶದ ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆ ಕಾಗದದ ಮೇಲೂ ಬರೆದಿರಲಿ, ಮೊಬೈಲು ಕಳೆದುಹೋಗಬಹುದಲ್ಲ?

ಮಗಳು ಹೊರಟಾಗ ಕಣ್ಣೀರು ಬರುವುದು ಸಹಜ. ಹಾಗೆಂದು ಹೋಗಬೇಡ ಅನ್ನಬೇಕಾಗಿಲ್ಲ. ಚಕ್ಕುಲಿ, ಕೋಡುಬಳೆಯ ಡಬ್ಬಿಯ ಜೊತೆಗೆ ಈ ನಾಲ್ಕು ಮಾತನ್ನೂ ಕಟ್ಟಿಕೊಡಿ.