ಮೊಣಕಾಲು ಸವೆದವರು ಕೂರಬೇಕೋ, ನಡೆಯಬೇಕೋ?

ಭಾರತ ಹುಣ್ಣಿಮೆ ಕಳೆದು ಮೈಲಾರದ ಕಾರಣಿಕ ಮುಗಿಯಿತೆಂದರೆ, ವಾರದ ಆಸುಪಾಸಿನಲ್ಲೇ ಕೊಟ್ಟೂರು ತೇರು. ಹರಪನಹಳ್ಳಿ, ಕೂಡ್ಲಿಗಿ ಕಡೆಯ ರಸ್ತೆಗಳಲ್ಲಿ ಪಾದಯಾತ್ರಿಗಳ ಸಾಲು. ಅದರಲ್ಲಿ ಅರವತ್ತು ದಾಟಿದವರೂ ಇರುತ್ತಾರೆ. "ಮೊಣಕಾಲು ಸವದೈತಿ, ನಡೀಬ್ಯಾಡ ಅಂದಾರ" ಎಂದು ವರ್ಷವಿಡೀ ಕಟ್ಟೆಗೆ ಅಂಟಿ ಕೂತವರು ಹರಕೆಗೆಂದು ಒಂದೇ ಸಲ ಮೈಲುಗಟ್ಟಲೆ ನಡೆಯುತ್ತಾರೆ. ಆಮೇಲೆ ತಿಂಗಳುಗಟ್ಟಲೆ ನರಳುತ್ತಾರೆ. ಕೂತದ್ದೂ ತಪ್ಪು, ಒಮ್ಮೆಲೇ ನಡೆದದ್ದೂ ತಪ್ಪು.

ಮೊಣಕಾಲಲ್ಲಿ ಎರಡು ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಅದಕ್ಕೆ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದರ ಊಟ. ಕಾಲೂರಿದಾಗ ಒತ್ತಿ, ಎತ್ತಿದಾಗ ಸಡಿಲಿಸಿದರಷ್ಟೇ ಆ ದ್ರವ ಒಳಗೆ ಹೊರಗೆ ಆಡುತ್ತದೆ. "ಕೀಲಿನ ಎಣ್ಣೆ ಆರೈತಿ" ಎಂದು ಕಾಲು ಆಡಿಸದೆ ಕೂತರೆ ಇರುವ ಮೃದ್ವಸ್ಥಿಗೂ ಪೋಷಣೆ ತಪ್ಪಿತು. ಜೊತೆಗೆ ತೊಡೆಯ ಸ್ನಾಯು ಸೊರಗಿ, ಅದು ಹೊರಬೇಕಾದ ಭಾರವೂ ಕೀಲಿನ ಮೇಲೇ ಬೀಳುತ್ತದೆ. ಎಕ್ಸ್‌ರೇಯಲ್ಲಿ 'ಗ್ಯಾಪ್' ಕಡಿಮೆಯಾಗಿದೆ ಎಂದಾಕ್ಷಣ ಗಾಬರಿ ಬೇಡ. ಚಿತ್ರದಲ್ಲಿ ಬಹಳ ಸವೆದವರಿಗೆ ಕಡಿಮೆ ನೋವು, ಅಷ್ಟೇನೂ ಸವೆಯದವರಿಗೆ ವಿಪರೀತ ನೋವು ಇರುವುದುಂಟು.

ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ 2022ರಲ್ಲಿ ಕೀಲು ಸವೆತವಿರುವ ಎಲ್ಲರಿಗೂ ವ್ಯಾಯಾಮವನ್ನೇ ಮೊದಲ ಸಾಲಿನ ಚಿಕಿತ್ಸೆಯಾಗಿ ಹೇಳಿತು. ಗ್ಲೂಕೋಸಮೈನ್ ಗುಳಿಗೆ ಬೇಡ ಎಂದಿತು. ಅದರ ಮೇಲೆ ದುಡ್ಡು ಸುರಿಯುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ.

ಶುರು ಮಾಡಲು ಎತ್ತರದ ಕಟ್ಟೆ ಸಾಕು. ಪಾದ ನೆಲಕ್ಕೆ ತಾಗದಂತೆ ಕೂತು ಒಂದು ಕಾಲನ್ನು ನಿಧಾನ ನೇರ ಮಾಡಿ, ಹೆಬ್ಬೆರಳನ್ನು ಮೈಕಡೆಗೆ ಎಳೆದುಕೊಂಡು ಐದು ಎಣಿಸಿ. ಮೊಣಕಾಲ ಚಿಪ್ಪಿನ ಮೇಲ್ಗಡೆ ಕೈಯಿಟ್ಟು ನೋಡಿ, ತೊಡೆ ಗಟ್ಟಿಯಾದದ್ದು ತಿಳಿಯಬೇಕು. ತಿಳಿಯದಿದ್ದರೆ ಕಾಲು ಪೂರ್ತಿ ನೇರವಾಗಿಲ್ಲ. ಇಳಿಸುವಾಗಲೂ ಅಷ್ಟೇ ನಿಧಾನ. ಒಂದೊಂದು ಕಾಲಿಗೆ ಹತ್ತು ಸಲ.

ಇದಕ್ಕಿಂತ ದೊಡ್ಡ ಮದ್ದು ಕುರ್ಚಿಯಿಂದ ಎದ್ದು ಕೂರುವುದು. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಗೋಡೆಗೆ ಆನಿಸಿಡಿ. ತಗ್ಗಾಯಿತೆನಿಸಿದರೆ ಕೌದಿ ಮಡಚಿ ಹಾಸಿ. ಪಾದಗಳನ್ನು ಸ್ವಲ್ಪ ಹಿಂದಕ್ಕೆಳೆದು, ಮುಂದೆ ಬಾಗಿ, ಆದಷ್ಟು ಕೈಯೂರದೆ ಎದ್ದು ನಿಂತು, ಮತ್ತೆ ಧಪ್ಪೆಂದು ಬೀಳದೆ ಮೆಲ್ಲಗೆ ಕೂರಿ. ಮೊದಲ ವಾರ ಐದು ಸಲವಾದರೆ ಸಾಕು. ಕೌದಿಯ ಮಡಿಕೆ ಒಂದೊಂದೇ ಕಡಿಮೆಯಾಗುತ್ತ ಬಂದರೆ ಕಾಲಿಗೆ ಬಲ ಬರುತ್ತಿದೆ ಎಂದರ್ಥ. ಇವೆರಡನ್ನೂ ದಿನ ಬಿಟ್ಟು ದಿನ ಮಾಡಿ. ನಡಿಗೆ ಮಾತ್ರ ದಿನವೂ ಇರಲಿ, ಬಿಸಿಲೇರುವ ಮುನ್ನ, ಹತ್ತು ನಿಮಿಷದಿಂದ ಆರಂಭಿಸಿ.

ನೋವಾದರೆ? ಆಗುತ್ತದೆ. ಹತ್ತಕ್ಕೆ ಎಷ್ಟು ಎಂದು ಅಳೆದುಕೊಳ್ಳಿ. ನಾಲ್ಕೈದರ ಒಳಗಿದ್ದು, ಮರುದಿನದ ಹೊತ್ತಿಗೆ ಎಂದಿನ ಮಟ್ಟಕ್ಕೆ ಇಳಿದರೆ ಅದು ಕೆಡುಕಿನ ನೋವಲ್ಲ. ಮರುದಿನವೂ ಜಾಸ್ತಿಯೇ ಇದ್ದರೆ ಎಣಿಕೆ ಅರ್ಧ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಹದಿನೈದು ದಿನಕ್ಕೇ ಕೈಬಿಡುವವರೇ ಹೆಚ್ಚು.

ನಮ್ಮ ಕಡೆ ಮೊಣಕಾಲಿನ ನಿಜವಾದ ಶತ್ರು ಕುಕ್ಕರುಗಾಲು. ಶೇಂಗಾ ಹೊಲದಲ್ಲಿ ಕಳೆ ತೆಗೆಯುವುದೂ ಅದರಲ್ಲೇ, ಪಾತ್ರೆ ತಿಕ್ಕುವುದೂ ಅದರಲ್ಲೇ. ಯೌವನದಲ್ಲಿ ದಿನಕ್ಕೆ ಗಂಟೆಗಟ್ಟಲೆ ಹಾಗೆ ಕೂತವರಲ್ಲಿ ಸವೆತ ಹೆಚ್ಚೆಂದು ಬೀಜಿಂಗ್‌ನ ಹಿರಿಯರ ಅಧ್ಯಯನ 2004ರಲ್ಲಿ ತೋರಿಸಿತು. ಹೊಲ ಬಿಡಲಾಗದು, ಸರಿ. ಗಿಡ್ಡ ಮಣೆ ಒಯ್ಯಿರಿ, ನಡುನಡುವೆ ಎದ್ದು ನಿಲ್ಲಿ. ಒಲೆಯನ್ನು ಕಟ್ಟೆಗೇರಿಸಿ ನಿಂತು ರೊಟ್ಟಿ ಬಡಿಯಿರಿ. ಶೌಚಕ್ಕೆ ಕಮೋಡ್ ಕುರ್ಚಿ ತಂದುಕೊಡುವುದು ಮಕ್ಕಳ ಕೆಲಸ.

ಮೈಭಾರವಿದ್ದವರಿಗೆ ಒಂದು ಲೆಕ್ಕ: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಕೋಲು ಹಿಡಿಯುವುದಾದರೆ ನೋವಿಲ್ಲದ ಕಡೆಯ ಕೈಯಲ್ಲಿ. ಉಚ್ಚಂಗಿದುರ್ಗದಂಥ ಗುಡ್ಡದ ಮೆಟ್ಟಿಲಲ್ಲಿ ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ.

ಊರಿನ ಆರ್‌ಎಂಪಿ ಹತ್ತಿರ ಹೋಗಿ ಸೂಜಿ ಹಾಕಿಸಿಕೊಂಡು ಬರುವ ರೂಢಿಯ ಬಗ್ಗೆ ಮಾತ್ರ ಕಟುವಾಗಿಯೇ ಹೇಳಬೇಕು. ನೋವಿನ ಗುಳಿಗೆ, ಇಂಜೆಕ್ಷನ್‌ಗಳ ನಿತ್ಯ ಬಳಕೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಬಿಪಿ ಏರಿಸುತ್ತದೆ, ಕಿಡ್ನಿಗೆ ಪೆಟ್ಟು ಕೊಡುತ್ತದೆ. ಡೈಕ್ಲೋಫೆನಾಕ್ ಮುಲಾಮು ಹಚ್ಚುವುದು ಅದಕ್ಕಿಂತ ಸುರಕ್ಷಿತ. ಅದನ್ನೂ ವೈದ್ಯರನ್ನು ಕೇಳಿಯೇ ಬಳಸಿ.

ಮೊಣಕಾಲು ಕೆಂಪಾಗಿ ಬಿಸಿಯಾಗಿ ಊದಿದರೆ, ಜ್ವರ ಬಂದರೆ, ಬಿದ್ದ ಮೇಲೆ ಕಾಲೂರಲಾಗದಿದ್ದರೆ, ಮೀನಖಂಡ ಒಮ್ಮೆಲೇ ಊದಿ ನೋಯತೊಡಗಿದರೆ ವ್ಯಾಯಾಮ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ. ಮುಂದಿನ ಕೊಟ್ಟೂರು ತೇರಿಗೆ ನಡೆದೇ ಹೋಗುವ ಆಸೆಯುಳ್ಳವರು ದೀಪಾವಳಿಗೇ ಕುರ್ಚಿ ಗೋಡೆಗೆ ಆನಿಸಿ ಶುರು ಮಾಡಿ.