ದೋಣಿಯ ಹೊಗೆಗೂ ಕಿರ್ದಿ ಬೇಕು



ಹೊಲದ ಖರ್ಚು, ಬೀಜ-ಗೊಬ್ಬರದ ಉದ್ರಿ, ಹಾಲಿನ ಡೇರಿಯ ಬಾಕಿ, ಇವುಗಳ ಲೆಕ್ಕ ಇಡುವುದು ನಮಗೆ ಹೊಸದಲ್ಲ. ಆದರೆ ಹೊಗೆಗೂ ಲೆಕ್ಕ ಇಡುವುದುಂಟೇ ಎಂದು ಕೆಲವರು ಕೇಳಬಹುದು. ಉಂಟು. ಪ್ರವಾಸಿಗರಿಗೆ ಹಕ್ಕಿಗಳನ್ನೂ ಕಾಡುಪ್ರಾಣಿಗಳನ್ನೂ ತೋರಿಸಲು ದೋಣಿ ನಡೆಸುವ ಸಂಸ್ಥೆಯೊಂದು ಈ ಲೆಕ್ಕವನ್ನು ಹೇಗೆ ಇಡಬೇಕು, ಹೊಗೆಯನ್ನು ಹೇಗೆ ಇಳಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ದೋಣಿಯ ಲೆಕ್ಕ ತಿಳಿದವರಿಗೆ ಪಂಪ್‌ಸೆಟ್ಟಿನ ಲೆಕ್ಕವೂ ತಾನಾಗಿ ತಿಳಿಯುತ್ತದೆ.

ನಮಗೂ ದೋಣಿಗೂ ಏನು ಸಂಬಂಧ?

ನಮ್ಮ ಹಿರೇಕೆರೂರು ಸೀಮೆಯಲ್ಲಿ ಹರಿಯುವ ಕುಮುದ್ವತಿಯು ತುಂಗಭದ್ರೆಯನ್ನು ಸೇರುತ್ತದೆ. ಆ ತುಂಗಭದ್ರೆಯ ಒಂದು ಕವಲಾದ ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಇದೆ. ಅಲ್ಲಿಯ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಯಂತ್ರದ ದೋಣಿಯಲ್ಲಿ ಕೂರಿಸಿ ಹಕ್ಕಿಗಳನ್ನೂ ಭದ್ರಾ ಅಭಯಾರಣ್ಯದ ಪ್ರಾಣಿಗಳನ್ನೂ ತೋರಿಸುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ನಡುವೆ ಸಣ್ಣ ದಿಬ್ಬಗಳು ಮೇಲೇಳುತ್ತವೆ. ಅವುಗಳ ಮೇಲೆ ನದಿ ರೀವ ಎಂಬ ಹಕ್ಕಿಗಳು ಸಾವಿರಗಟ್ಟಲೆ ಬಂದು, ಗೂಡು ಕಟ್ಟದೆ ಬರಿ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಮಳೆ ಅಕಾಲದಲ್ಲಿ ಬಂದು ನೀರು ಏರಿದರೆ ಆ ಮೊಟ್ಟೆಗಳು ಮುಳುಗುತ್ತವೆ. ಅದೇ ಅಕಾಲದ ಮಳೆ ನಮ್ಮ ಕಣದಲ್ಲಿಯ ಗೋವಿನಜೋಳವನ್ನೂ ಕೆಡಿಸುತ್ತದೆ. ಹಕ್ಕಿಯೂ ರೈತನೂ ಮಳೆಯ ಲಯವನ್ನೇ ನಂಬಿದವರು.

2019ರಲ್ಲಿ ಹೊಳೆಗಳು ಉಕ್ಕಿ ನಮ್ಮ ಜಿಲ್ಲೆಯ ಹೊಲಗಳಿಗೆ ನುಗ್ಗಿದ್ದನ್ನು ನಾವು ಮರೆತಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಸಾರಲ್ಪಟ್ಟವು. ಇದು ಯಾವೊಂದು ದೋಣಿಯಿಂದ ಆದುದಲ್ಲ. ಆದರೆ ಕಲ್ಲಿದ್ದಲು, ಡೀಸೆಲ್ಲು, ಪೆಟ್ರೋಲುಗಳನ್ನು ಲೋಕವೆಲ್ಲ ಸುಡುತ್ತಿರುವುದರಿಂದ ಗಾಳಿಯಲ್ಲಿ ಇಂಗಾಲಾಮ್ಲ ಅನಿಲ ಹೆಚ್ಚಿ, ಭೂಮಿಯ ಕಾವು ಏರಿ, ಮಳೆಯ ಕ್ರಮ ಕೆಡುತ್ತಿದೆ ಎಂಬುದು ವಿಜ್ಞಾನಿಗಳ ಖಚಿತವಾದ ಮಾತು. ಒಂದು ಕೆಲಸದಿಂದ ಒಟ್ಟು ಎಷ್ಟು ಇಂಥ ಅನಿಲ ಗಾಳಿಗೆ ಸೇರಿತು ಎಂಬ ಲೆಕ್ಕಕ್ಕೆ ‘ಇಂಗಾಲದ ಹೆಜ್ಜೆಗುರುತು’ ಎನ್ನುವರು.

ಒಂದು ಲೀಟರಿಗೆ ಎಷ್ಟು ಹೊಗೆ?

ಇಲ್ಲಿ ಒಂದು ಅಚ್ಚರಿಯ ಸಂಗತಿ ಇದೆ. ಒಂದು ಲೀಟರ್ ಡೀಸೆಲ್ ಒಂದು ಕಿಲೋ ಕೂಡ ತೂಗುವುದಿಲ್ಲ. ಆದರೆ ಅದನ್ನು ಸುಟ್ಟಾಗ ಹೊರಬೀಳುವ ಇಂಗಾಲಾಮ್ಲದ ತೂಕ ಸುಮಾರು 2.7 ಕಿಲೋ. ಈ ಹೆಚ್ಚಿನ ತೂಕ ಎಲ್ಲಿಂದ ಬಂತು? ಗಾಳಿಯಿಂದ. ಎಣ್ಣೆಯಲ್ಲಿಯ ಇಂಗಾಲವು ಉರಿಯುವಾಗ ಗಾಳಿಯಲ್ಲಿಯ ಆಮ್ಲಜನಕದೊಡನೆ ಕೂಡುತ್ತದೆ. ಹನ್ನೆರಡು ತೂಕದ ಇಂಗಾಲಕ್ಕೆ ಮೂವತ್ತೆರಡು ತೂಕದ ಆಮ್ಲಜನಕ ಸೇರಿ ನಲವತ್ತನಾಲ್ಕು ತೂಕದ ಅನಿಲವಾಗುತ್ತದೆ. ಆದ್ದರಿಂದ ಹೊಗೆಯನ್ನು ಅಳೆಯಲು ಯಾವ ಯಂತ್ರವೂ ಬೇಡ. ಎಷ್ಟು ಲೀಟರ್ ಸುಟ್ಟೆವೆಂದು ಬರೆದಿಟ್ಟು, ಅದನ್ನು ಗುಣಿಸಿದರೆ ಸಾಕು. ನೆನಪಿನಲ್ಲಿಡಬೇಕಾದ ಅಂಕಿಗಳು ಇವು:

1. ಡೀಸೆಲ್, 1 ಲೀಟರಿಗೆ: ಸುಮಾರು 2.7 ಕಿಲೋ.
2. ಪೆಟ್ರೋಲ್, 1 ಲೀಟರಿಗೆ: ಸುಮಾರು 2.3 ಕಿಲೋ.
3. ಅಡಿಗೆ ಗ್ಯಾಸ್, 14.2 ಕಿಲೋ ತೂಕದ ಒಂದು ಸಿಲಿಂಡರಿಗೆ: ಸುಮಾರು 42 ಕಿಲೋ.
4. ಕರೆಂಟು, 1 ಯುನಿಟ್ಟಿಗೆ: ದೇಶದ ಸರಾಸರಿಯಂತೆ ಸುಮಾರು 0.7 ಕಿಲೋ.

ಕರೆಂಟಿನಲ್ಲಿ ಹೊಗೆ ಎಲ್ಲಿದೆ ಎಂದು ಕೇಳಬೇಡಿರಿ. ಹೊಗೆ ನಮ್ಮ ಮನೆಯಲ್ಲಿಲ್ಲ. ಕಲ್ಲಿದ್ದಲು ಸುಡುವ ರಾಯಚೂರಿನ ಶಕ್ತಿನಗರದಲ್ಲಿದೆ, ಬಳ್ಳಾರಿಯ ಕುಡತಿನಿಯಲ್ಲಿದೆ. ಶರಾವತಿಯ ನೀರಿನಿಂದ ಬಂದ ಕರೆಂಟೂ ಕಲ್ಲಿದ್ದಲಿನಿಂದ ಬಂದ ಕರೆಂಟೂ ಒಂದೇ ತಂತಿಯಲ್ಲಿ ಕೂಡಿ ಬರುತ್ತವೆ.

ದೋಣಿ ಸಂಸ್ಥೆಯ ಕಿರ್ದಿ

ಲೆಕ್ಕವನ್ನು ಮೂರು ಖಾತೆಗಳಲ್ಲಿ ಬರೆಯುವುದು ಜಗತ್ತಿನಲ್ಲೆಲ್ಲ ನಡೆದುಬಂದ ಪದ್ಧತಿ. ಮೊದಲನೆಯದು ತಾನೇ ಸುಟ್ಟ ಎಣ್ಣೆ: ದೋಣಿ, ಜೀಪು, ಜನರೇಟರು, ಅಡಿಗೆ ಒಲೆ. ಎರಡನೆಯದು ಹೊರಗಿನಿಂದ ಕೊಂಡ ಕರೆಂಟು. ಮೂರನೆಯದು ತನ್ನ ಸಲುವಾಗಿ ಇತರರು ಸುಟ್ಟದ್ದು: ಪ್ರವಾಸಿಗರು ಬಂದ ಕಾರು, ಸಾಮಾನು ತಂದ ಲಾರಿ, ಮುಂತಾದವು.

ಒಂದು ಉದಾಹರಣೆ ನೋಡೋಣ. ಇದು ತಿಳಿವಳಿಕೆಗಾಗಿ ಊಹಿಸಿಕೊಂಡ ಲೆಕ್ಕ. ಯಾವ ಸಂಸ್ಥೆಯದೂ ಅಲ್ಲ.

ಒಂದು ಪೆಟ್ರೋಲ್ ದೋಣಿ ದಿನಕ್ಕೆ ಎರಡು ಸಲ, ಒಂದೊಂದು ತಾಸು, ವರ್ಷಕ್ಕೆ 300 ದಿನ ನಡೆಯುತ್ತದೆ. ತಾಸಿಗೆ 6 ಲೀಟರಿನಂತೆ ವರ್ಷಕ್ಕೆ 3,600 ಲೀಟರ್ ಆಯಿತು. ಹೊಗೆ 8,280 ಕಿಲೋ. ಜೀಪು ದಿನಕ್ಕೆ 10 ಲೀಟರ್ ಡೀಸೆಲ್ ಕುಡಿದರೆ 8,100 ಕಿಲೋ. ಜನರೇಟರಿಗೆ ದಿನಕ್ಕೆ 6 ಲೀಟರ್ ಎಂದರೆ 4,860 ಕಿಲೋ. ವರ್ಷಕ್ಕೆ 60 ಸಿಲಿಂಡರ್ ಗ್ಯಾಸಿಗೆ 2,520 ಕಿಲೋ. ದಿನಕ್ಕೆ 40 ಯುನಿಟ್ ಕರೆಂಟಿಗೆ 8,400 ಕಿಲೋ. ಮೊದಲ ಎರಡು ಖಾತೆಗಳು ಕೂಡಿ ವರ್ಷಕ್ಕೆ ಸುಮಾರು 32 ಟನ್ ಆಯಿತು.

ಈಗ ಮೂರನೆಯ ಖಾತೆ. ಒಂದು ಸಲ ದೋಣಿ ಹತ್ತುವ 10 ಜನರು ಬೆಂಗಳೂರಿನಿಂದ 3 ಕಾರುಗಳಲ್ಲಿ ಬಂದರೆನ್ನಿ. ಹೋಗಿ ಬರಲು ಸುಮಾರು 560 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ 37 ಲೀಟರ್ ಬೇಕು, ಅಂದರೆ 85 ಕಿಲೋ ಹೊಗೆ. ಮೂರು ಕಾರುಗಳದು 255 ಕಿಲೋ. ಆ ಹತ್ತು ಜನರನ್ನು ಒಂದು ತಾಸು ನೀರಿನ ಮೇಲೆ ತಿರುಗಿಸಿದ ದೋಣಿಯ ಹೊಗೆ 14 ಕಿಲೋ ಮಾತ್ರ!

ಇದೇ ಈ ಲೆಕ್ಕದ ಮುಖ್ಯ ಪಾಠ. ಕಣ್ಣಿಗೆ ಕಾಣುವುದು ದೋಣಿಯ ಹೊಗೆ. ಕಾಣದೆ ಉಳಿಯುವುದು ದಾರಿಯ ಹೊಗೆ. ಅಳೆಯದೆ ಇಳಿಸಹೊರಟವನು ಸಣ್ಣ ತೂತನ್ನು ಮುಚ್ಚುತ್ತ ಕುಳಿತು ದೊಡ್ಡ ಗಂಡಿಯನ್ನು ಬಿಟ್ಟಂತೆ ಆಗುತ್ತದೆ. ಕಾಲುವೆಯ ನೀರು ಎಲ್ಲಿ ಸೋರುತ್ತದೆಂದು ಮೊದಲು ನಡೆದು ನೋಡಿ, ಆಮೇಲೆ ಸಲಿಕೆ ಹಿಡಿಯುವುದು ಜಾಣತನ.

ಇಳಿಸುವ ಬಗೆ

1. ವೇಗ ತಗ್ಗಿಸುವುದು. ನೀರಿನಲ್ಲಿ ಮೈ ಮುಳುಗಿಸಿಕೊಂಡು ಸಾಗುವ ದೋಣಿಯನ್ನು ಹೆಚ್ಚು ಜೋರಾಗಿ ಓಡಿಸಿದಷ್ಟೂ ನೀರು ಹೆಚ್ಚು ತಡೆಯುತ್ತದೆ. ಇಂಥ ದೋಣಿಯ ವೇಗವನ್ನು ಕಾಲುಭಾಗ ಇಳಿಸಿದರೆ ಅದೇ ದೂರಕ್ಕೆ ತಗಲುವ ಎಣ್ಣೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಸದ್ದೂ ತೆರೆಯೂ ಕಡಿಮೆಯಾಗುತ್ತವೆ. ದೋಣಿ ಅಬ್ಬರಿಸಿ ಹತ್ತಿರ ಬಂದರೆ ನದಿ ರೀವಗಳು ಬೆದರಿ ಏಳುತ್ತವೆ, ಮೊಟ್ಟೆಗಳು ಬಿಸಿಲಿಗೆ ಬೇಯುತ್ತವೆ. ಮೆಲ್ಲಗೆ, ದೂರದಿಂದ ಸಾಗುವುದು ಹಕ್ಕಿಗೂ ಒಳ್ಳೆಯದು, ಎಣ್ಣೆಗೂ ಒಳ್ಳೆಯದು.

2. ಬರಿದಾದ ಸುತ್ತು ತಪ್ಪಿಸುವುದು. ನಾಲ್ಕು ಜನರಿಗೊಂದು ದೋಣಿ ಬಿಡುವ ಬದಲು ಹೊತ್ತು ಗೊತ್ತುಮಾಡಿ ಹತ್ತು ಜನರನ್ನು ಕೂಡಿಸಬೇಕು. ಮೇಲಿನ ಉದಾಹರಣೆಯಲ್ಲಿ ವರ್ಷಕ್ಕೆ 600 ಸುತ್ತುಗಳು 450 ಆಗಿ, ಸುತ್ತಿಗೆ 6 ಲೀಟರಿನ ಬದಲು 3.5 ಲೀಟರ್ ತಗಲಿದರೆ, ದೋಣಿಯ ಹೊಗೆ 8,280 ಕಿಲೋದಿಂದ ಸುಮಾರು 3,620 ಕಿಲೋಕ್ಕೆ ಇಳಿಯುತ್ತದೆ. ಎಣ್ಣೆಯ ಖರ್ಚೂ ಅರ್ಧಕ್ಕಿಂತ ಕೆಳಗೆ ಬರುತ್ತದೆ.

3. ಯಂತ್ರದ ಆರೈಕೆ. ಹಳೆಯ ಟೂ-ಸ್ಟ್ರೋಕ್ ಯಂತ್ರಗಳಲ್ಲಿ ಸ್ವಲ್ಪ ಪೆಟ್ರೋಲು ಉರಿಯದೆಯೇ ಹೊರಗೆ ಹೋಗಿ ನೀರಿಗೂ ಸೇರುತ್ತದೆ. ಫೋರ್-ಸ್ಟ್ರೋಕ್ ಯಂತ್ರ ಉತ್ತಮ. ಪ್ರಾಣಿ ಕಂಡು ದೋಣಿ ನಿಂತಾಗ ಯಂತ್ರವನ್ನೂ ನಿಲ್ಲಿಸಬೇಕು.

4. ಬಿಸಿಲಿನ ದೋಣಿ. ಕೇರಳದ ವೈಕ್ಕಂ ಮತ್ತು ತವಣಕ್ಕಡವುಗಳ ನಡುವೆ, ವೆಂಬನಾಡ್ ಸರೋವರದಲ್ಲಿ, ‘ಆದಿತ್ಯ’ ಎಂಬ 75 ಜನರ ದೋಣಿ 2017ರ ಜನವರಿಯಲ್ಲಿ ಸಂಚಾರ ಆರಂಭಿಸಿತು. ಅದರ ಚಾವಣಿಯೇ ಸೌರ ಫಲಕಗಳದು. ಅದು ತೋರಿಕೆಯ ದೋಣಿಯಲ್ಲ. ಅಲ್ಲಿಯ ಜಲಸಾರಿಗೆ ಇಲಾಖೆಯು ದಿನನಿತ್ಯದ ಜನರಿಗಾಗಿ ನಡೆಸಲು ಮಾಡಿಸಿದ್ದು. ಬ್ಯಾಟರಿ ದೋಣಿಗೆ ಸಾಮಾನ್ಯ ಕರೆಂಟನ್ನೇ ತುಂಬಿದರೆ ಹೊಗೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಬಿಸಿಲಿನಿಂದ ತುಂಬಿದರೆ ಬಹುಮಟ್ಟಿಗೆ ಇಲ್ಲವಾಗುತ್ತದೆ.

5. ಹುಟ್ಟಿನ ದೋಣಿ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿ ಅರಣ್ಯ ಇಲಾಖೆಯ ಅಂಬಿಗರು ಹುಟ್ಟು ಹಾಕಿ ಜನರಿಗೆ ಹಕ್ಕಿ, ಮೊಸಳೆಗಳನ್ನು ತೋರಿಸುವ ರೂಢಿ ಬಹುಕಾಲದ್ದು. ಅಂಬಿಗನ ರಟ್ಟೆಗೆ ಪೆಟ್ರೋಲು ಬೇಡ. ಎಣ್ಣೆಗೆ ಹೋಗುವ ಹಣ ಅವನ ಮನೆಗೆ ಹೋಗುತ್ತದೆ.

6. ದಾರಿಯ ಹೊಗೆ. ಮೂರು ಕಾರುಗಳ 255 ಕಿಲೋ ಎಲ್ಲಿ, 40 ಜನರ ಬಸ್ಸು ಎಲ್ಲಿ! ಅದೇ ದೂರಕ್ಕೆ ಬಸ್ಸು 140 ಲೀಟರ್ ಡೀಸೆಲ್ ಸುಟ್ಟರೂ ಹತ್ತು ಜನರ ಪಾಲಿಗೆ ಬರುವುದು ಸುಮಾರು 95 ಕಿಲೋ. ಲಕ್ಕವಳ್ಳಿಗೆ ಹೋಗುವವರಿಗೆ ತರೀಕೆರೆಯವರೆಗೆ ರೈಲೂ ಇದೆ. ನಿಲ್ದಾಣದಿಂದ ಒಂದೇ ಗಾಡಿಯಲ್ಲಿ ಎಲ್ಲರನ್ನೂ ಕರೆತರುವ ಏರ್ಪಾಡು ಮಾಡಿದ ಸಂಸ್ಥೆ, ದೋಣಿಯ ಯಂತ್ರ ಬದಲಿಸಿದ್ದಕ್ಕಿಂತ ಹೆಚ್ಚಿನ ಹೊಗೆಯನ್ನು ಉಳಿಸುತ್ತದೆ.

ಗಿಡ ನೆಟ್ಟರೆ ಸಾಲದೇ?

ಕೆಲವರು ಲೆಕ್ಕ ಮಾಡುವ ಗೊಡವೆಗೆ ಹೋಗದೆ, ನಾಲ್ಕು ಸಸಿ ನೆಟ್ಟು ‘ನಮ್ಮದು ಹಸಿರು ದೋಣಿ’ ಎಂದು ಫಲಕ ಬರೆಸುತ್ತಾರೆ. ಗಿಡ ನೆಡುವುದು ಪುಣ್ಯದ ಕೆಲಸ, ನೆಡಲೇಬೇಕು. ಆದರೆ ಹೊಗೆ ಇಂದೇ ಗಾಳಿಗೆ ಸೇರಿತು. ಸಸಿ ಅದನ್ನು ಹೀರಿಕೊಳ್ಳಲು ಹತ್ತಾರು ವರ್ಷ ಬದುಕಬೇಕು. ದನ ಮೇಯ್ದರೆ, ಬೆಂಕಿ ಬಿದ್ದರೆ ಆ ಜಮೆ ಅಳಿಸಿಹೋಯಿತು. ಆದುದರಿಂದ ಮೊದಲು ಖರ್ಚು ತಗ್ಗಿಸಬೇಕು, ಗಿಡ ಆಮೇಲಿನ ಮಾತು. ಸಾಲ ಮಾಡುತ್ತಲೇ ಇದ್ದು, ಮೊಮ್ಮಗ ತೀರಿಸುವನೆಂದರೆ ಯಾವ ಸೊಸೈಟಿಯೂ ಒಪ್ಪುವುದಿಲ್ಲ.

ನಮ್ಮ ಕೆರೆ, ನಮ್ಮ ಪಂಪು

ಮದಗ-ಮಾಸೂರಿನಂಥ ದೊಡ್ಡ ಕೆರೆ ನಮ್ಮ ಜಿಲ್ಲೆಯಲ್ಲಿದೆ. ಯಾವುದೇ ಊರಿನ ಕೆರೆಯಲ್ಲಿ ಪ್ರವಾಸಿಗರಿಗೆ ದೋಣಿ ಬಿಡಬೇಕೆಂಬ ಮಾತು ಎದ್ದಾಗ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು. ದೋಣಿ ಬೇಕೇ ಬೇಕೆ? ಬೇಕಾದರೆ ಹುಟ್ಟಿನದೋ, ಬಿಸಿಲಿನದೋ, ಪೆಟ್ರೋಲಿನದೋ? ಎಣ್ಣೆಯ ಕಿರ್ದಿಯನ್ನು ಯಾರು ಬರೆಯುವರು, ಊರಿಗೆ ಯಾವಾಗ ಓದಿ ಹೇಳುವರು? ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಅಲ್ಲಿ ಹಕ್ಕಿಗಳನ್ನು ದಡದಿಂದಲೇ ನೋಡಬಹುದು. ಏರಿಯ ಮೇಲೆ ನಿಂತು ನೋಡುವವನ ಕಣ್ಣು ಎಣ್ಣೆ ಕುಡಿಯುವುದಿಲ್ಲ.

ಇನ್ನು ನಮ್ಮ ಹೊಲದ ಮಾತು. 5 ಅಶ್ವಶಕ್ತಿಯ ಡೀಸೆಲ್ ಪಂಪು ತಾಸಿಗೆ ಸುಮಾರು ಒಂದು ಲೀಟರ್ ಸುಡುತ್ತದೆ. ಆರು ತಾಸು ನೀರು ಹಾಯಿಸಿದರೆ 16 ಕಿಲೋ ಹೊಗೆ. ಅಂದರೆ ಮೇಲೆ ಹೇಳಿದ ದೋಣಿಯ ಒಂದು ಸುತ್ತಿಗಿಂತ ಹೆಚ್ಚು. ಅಷ್ಟೇ ಶಕ್ತಿಯ ಕರೆಂಟಿನ ಪಂಪು ತಾಸಿಗೆ ನಾಲ್ಕೂವರೆ ಯುನಿಟ್ಟಿನಂತೆ ಆರು ತಾಸಿಗೆ 27 ಯುನಿಟ್ ತಿನ್ನುತ್ತದೆ. ಅದೂ ಸುಮಾರು 19 ಕಿಲೋ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ನಮ್ಮ ರಾಜ್ಯದಲ್ಲಿ ಕರೆಂಟು ಉಚಿತವಿರುವುದರಿಂದ ಹಣದ ಬಿಲ್ಲು ನಮ್ಮ ಕೈಗೆ ಬರುವುದಿಲ್ಲ. ಆದರೆ ಹೊಗೆಯ ಬಿಲ್ಲು ಮಳೆಯ ರೂಪದಲ್ಲಿ ನಮ್ಮ ಹೊಲಕ್ಕೇ ಬರುತ್ತದೆ. ನೀರು ಹೊಲಕ್ಕೆ ಸಾಕಾದೊಡನೆ ಪಂಪು ನಿಲ್ಲಿಸುವುದು, ಸೋರುವ ಫುಟ್‌ವಾಲ್ವ್ ರಿಪೇರಿ ಮಾಡಿಸುವುದು, ಹನಿ ನೀರಾವರಿ, ಸೌರ ಪಂಪು, ಇವೆಲ್ಲ ದೋಣಿಯ ವೇಗ ತಗ್ಗಿಸಿದಂತೆಯೇ. ಸೌರ ಪಂಪಿಗೆ ಸರಕಾರದ ಸಹಾಯಧನ ಉಂಟು. ವಿವರವನ್ನು ಹೆಸ್ಕಾಂ ಕಚೇರಿಯಲ್ಲಿಯೂ ರೈತ ಸಂಪರ್ಕ ಕೇಂದ್ರದಲ್ಲಿಯೂ ವಿಚಾರಿಸಿರಿ.

ಈ ತಿಂಗಳಿನಿಂದಲೇ ಮಾಡಬೇಕಾದದ್ದು ಇಷ್ಟೇ. ಮನೆಯಲ್ಲಿ ಶಾಲೆಗೆ ಹೋಗುವ ಮಗುವಿಗೆ ಒಂದು ನೋಟ್‌ಬುಕ್ ಕೊಡಿರಿ. ಪಂಪು ನಡೆದ ತಾಸು, ಟ್ರ್ಯಾಕ್ಟರಿಗೆ ಹಾಕಿದ ಡೀಸೆಲ್, ಬೈಕಿಗೆ ಹಾಕಿದ ಪೆಟ್ರೋಲ್, ತಂದ ಸಿಲಿಂಡರ್, ಇವನ್ನು ತಾರೀಖು ಹಾಕಿ ಬರೆಯಲಿ. ತಿಂಗಳ ಕೊನೆಗೆ ಮೇಲಿನ ಅಂಕಿಗಳಿಂದ ಗುಣಿಸಿ ಓದಿ ಹೇಳಲಿ. ಎಲ್ಲಕ್ಕಿಂತ ದೊಡ್ಡ ಅಂಕಿ ಯಾವುದೆಂದು ಕಂಡಮೇಲೆ, ಮೊದಲು ಏನನ್ನು ತಗ್ಗಿಸಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ.