ಓಡುವವನ ಕಿವಿ

ನಸುಕು ಹರಿಯುವ ಹೊತ್ತಿಗೆ ನಮ್ಮ ಶಂಕರನಾರಾಯಣದ ರಸ್ತೆಗಳಲ್ಲಿ ಓಡುವ ಯುವಕರನ್ನು ನೀವೆಲ್ಲ ಕಂಡಿರಬಹುದು. ಪೊಲೀಸ್ ಇಲಾಖೆಗೋ ಸೈನ್ಯಕ್ಕೋ ಸೇರಬೇಕೆಂಬ ಆಸೆಯಿಂದ 1600 ಮೀಟರ್ ಓಟವನ್ನು ಅಭ್ಯಾಸ ಮಾಡುವವರು ಕೆಲವರು. ಆರೋಗ್ಯಕ್ಕಾಗಿ ಓಡುವವರು ಮತ್ತೆ ಕೆಲವರು. ಇವರಲ್ಲಿ ಅನೇಕರ ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ನಾನೂ ಅಂಥವರಲ್ಲಿ ಒಬ್ಬ. ಕಾಲಿಗೆ ಹಾಕುವ ಬೂಟನ್ನು ನಾಲ್ಕು ಅಂಗಡಿ ಅಲೆದು ಕೊಳ್ಳುವ ನಾವು, ಕಿವಿಗೆ ಹಾಕುವ ಸಾಧನವನ್ನು ಮಾತ್ರ ಬಣ್ಣ ನೋಡಿ, ಬೆಲೆ ಕೇಳಿ ಕೊಂಡುಬಿಡುತ್ತೇವೆ. ಅದರಿಂದಾಗುವ ಕೇಡು ಎಂಥದೆಂಬುದು ನನಗೆ ತಿಳಿದದ್ದು ಒಂದು ಮುಂಜಾನೆ.

ಹಾಲಾಡಿಯ ಕಡೆಯ ರಸ್ತೆಯಲ್ಲಿ ಓಡುತ್ತಿದ್ದೆ. ರಬ್ಬರಿನ ತುದಿಯಿರುವ ಇಯರ್‌ಫೋನ್ ಎರಡೂ ಕಿವಿಗಳನ್ನು ಭದ್ರವಾಗಿ ಮುಚ್ಚಿತ್ತು. ತಿರುವಿನಲ್ಲಿ ಹಿಂದಿನಿಂದ ಬಂದ ಬಸ್ಸು ಎಷ್ಟು ಬಾರಿ ಹಾರ್ನ್ ಹಾಕಿತೋ ನಾನರಿಯೆ. ಗಾಳಿ ಮೈಗೆ ಬಡಿದಾಗ ಗಾಬರಿಯಿಂದ ಚರಂಡಿಗೆ ಹಾರಿದೆ. ಬಸ್ಸು ನಿಲ್ಲಿಸಿದ ಚಾಲಕರು ತಲೆ ಹೊರಹಾಕಿ, “ಹ್ವಾಯ್, ಕೆಮಿ ಕೇಂತಿಲ್ಯಾ ನಿಂಗೆ?” ಎಂದು ಗದರಿದರು. ಮೊಣಕಾಲು ತರಚಿದ್ದು ವಾರದಲ್ಲಿ ಮಾಯಿತು. ಅವರ ಪ್ರಶ್ನೆ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಓದಿ, ಕೇಳಿ, ಪರೀಕ್ಷಿಸಿ ತಿಳಿದುಕೊಂಡ ಸಂಗತಿಗಳನ್ನು ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಓಡುವಾಗ ಸಂಗೀತ ನಿಜವಾಗಿಯೂ ಸಹಾಯಕವೇ ಎಂಬುದು ಮೊದಲ ಪ್ರಶ್ನೆ. ಸಹಾಯಕವೆಂದೇ ಹೇಳಬೇಕು. ಅಮೆರಿಕದ ಲಿಯೊನಾರ್ಡ್ ಐರ್ಸ್ ಎಂಬವರು ಸೈಕಲ್ ಪಂದ್ಯವೊಂದನ್ನು ಗಮನಿಸಿ, ವಾದ್ಯವೃಂದ ನುಡಿಸುತ್ತಿದ್ದಾಗ ಸವಾರರ ವೇಗ ಹೆಚ್ಚುತ್ತಿತ್ತೆಂದು 1911ರಲ್ಲಿಯೇ ಬರೆದರು. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾನಿಲಯದಲ್ಲಿ ಕೋಸ್ಟಾಸ್ ಕರಗಿಯೋರ್ಗಿಸ್ ಎಂಬ ವಿದ್ವಾಂಸರು ಈ ವಿಷಯವಾಗಿ ಅನೇಕ ವರ್ಷ ಸಂಶೋಧನೆ ನಡೆಸಿದ್ದಾರೆ. ಮಿತವಾದ ಶ್ರಮದಲ್ಲಿ ಸಂಗೀತವು ದಣಿವಿನ ಅನುಭವವನ್ನು ತಗ್ಗಿಸುತ್ತದೆ. ಆದರೆ ಉಸಿರು ಕಟ್ಟುವಷ್ಟು ವೇಗದ ಓಟದಲ್ಲಿ ಅದರ ಪ್ರಭಾವ ಕುಗ್ಗುತ್ತದೆ. ಆಗ ದೇಹದ ಕೂಗೇ ಹಾಡಿಗಿಂತ ಗಟ್ಟಿಯಾಗಿರುತ್ತದೆ. ಆದುದರಿಂದ ನಿಧಾನದ ದೀರ್ಘ ಓಟಕ್ಕೆ ಹಾಡು ಒಳ್ಳೆಯ ಸಂಗಾತಿ. ಬಿರುಸಿನ ಓಟಕ್ಕೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಇನ್ನು ಸಾಧನಗಳ ವಿಚಾರಕ್ಕೆ ಬರೋಣ. ಮುಖ್ಯವಾಗಿ ಇವನ್ನು ಎರಡು ಬಗೆಯೆನ್ನಬಹುದು: ಕಿವಿಯನ್ನು ಮುಚ್ಚುವಂಥವು, ತೆರೆದಿಡುವಂಥವು. ಸಿಲಿಕೋನ್ ತುದಿಯುಳ್ಳ ಇಯರ್‌ಬಡ್ ಕಿವಿಯ ನಾಳವನ್ನು ಬಿರಡೆಯಂತೆ ಮುಚ್ಚುತ್ತದೆ. ಹೊರಗಿನ ಗದ್ದಲ ಕಡಿಮೆಯಾಗಿ ಹಾಡು ತುಂಬಾ ಚೆನ್ನಾಗಿ ಕೇಳುತ್ತದೆ. ಆದರೆ ಇದರಲ್ಲೊಂದು ವಿಚಿತ್ರವಿದೆ. ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿಕೊಂಡು ನಾಲ್ಕು ಹೆಜ್ಜೆ ಗಟ್ಟಿಯಾಗಿ ನಡೆದು ನೋಡಿ. ಪ್ರತಿ ಹೆಜ್ಜೆಯೂ ತಲೆಯೊಳಗೆ ಧಬ್ ಧಬ್ ಎಂದು ಬಡಿಯುತ್ತದೆ. ಎಲುಬಿನ ಮೂಲಕ ಬಂದ ಸದ್ದು ಸಾಮಾನ್ಯವಾಗಿ ತೆರೆದ ನಾಳದಿಂದ ಹೊರಗೆ ಹೋಗಿಬಿಡುತ್ತದೆ. ನಾಳ ಮುಚ್ಚಿದಾಗ ಒಳಗೇ ಉಳಿಯುತ್ತದೆ. ಕುಳಿತು ಹಾಡು ಕೇಳುವವನಿಗೆ ಇದರಿಂದ ತೊಂದರೆಯಿಲ್ಲ. ಓಡುವವನಿಗೆ ತನ್ನ ಹೆಜ್ಜೆ, ತನ್ನ ಏದುಸಿರುಗಳೇ ಹಾಡಿನ ಮೇಲೆ ಸವಾರಿ ಮಾಡುತ್ತವೆ.

ಕಿವಿಯನ್ನು ತೆರೆದಿಡುವ ಬಗೆಯಲ್ಲಿ ಎಲುಬಿನ ಮೂಲಕ ಕೇಳಿಸುವ ಹೆಡ್‌ಫೋನ್ ಒಂದು. ಇದು ಕಿವಿಯ ಮುಂದೆ, ಕೆನ್ನೆಯ ಎಲುಬಿನ ಮೇಲೆ ಕುಳಿತು ಕಂಪಿಸುತ್ತದೆ. ಕಂಪನ ನೇರವಾಗಿ ಒಳಕಿವಿಗೆ ಹೋಗುತ್ತದೆ. ಹೈಸ್ಕೂಲಿನಲ್ಲಿ ಶ್ರುತಿಕವೆಯನ್ನು ಬಡಿದು, ಅದರ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಸದ್ದು ಕೇಳಿದವರಿಗೆ ಇದರ ತತ್ತ್ವ ಆಗಲೇ ತಿಳಿದಿದೆ. ಕಿವಿಯ ನಾಳ ಬಯಲಾಗಿಯೇ ಇರುವುದರಿಂದ ಹಾರ್ನ್, ನಾಯಿಯ ಬೊಗಳು, ಹಿಂದಿನಿಂದ ಕರೆಯುವ ದನಿ, ಎಲ್ಲವೂ ಕೇಳುತ್ತವೆ. ಕೊರತೆಯೆಂದರೆ ತಗ್ಗಿನ ಸ್ವರಗಳು ಸಪ್ಪೆಯಾಗಿರುವುದು, ಬೆಲೆ ಹೆಚ್ಚಾಗಿರುವುದು. ಎಲುಬಿಗೆ ತಾಗದೆ, ಕಿವಿಯ ಹೊರಗೆ ತೂಗಿ ಗಾಳಿಯ ಮೂಲಕವೇ ಕೇಳಿಸುವ ಇನ್ನೊಂದು ಬಗೆಯೂ ಈಗ ಬಂದಿದೆ.

ಹೊರಗಿನ ಸದ್ದನ್ನು ಅಳಿಸುವ ಯಂತ್ರವುಳ್ಳ ಇಯರ್‌ಬಡ್‌ಗಳಿಗೆ ಈಗ ಬಹಳ ಪ್ರಚಾರವಿದೆ. ಸಣ್ಣ ಮೈಕ್ ಒಂದು ಹೊರಗಿನ ಸದ್ದನ್ನು ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಒಳಗೆ ಹುಟ್ಟಿಸುತ್ತದೆ. ಎರಡು ಅಲೆಗಳು ಒಂದನ್ನೊಂದು ನುಂಗುತ್ತವೆ. ಇಂಜಿನ್ನಿನ ಗುಂಯ್‌ಗುಡುವ ಏಕತಾನದ ಸದ್ದಿನ ಮೇಲೆ ಇದರ ಕೆಲಸ ಅತ್ಯುತ್ತಮ. ರಸ್ತೆಯಲ್ಲಿ ಓಡುವವನಿಗೆ ಎಚ್ಚರಿಕೆ ಕೊಡುವುದು ಅದೇ ಸದ್ದಲ್ಲವೇ? ಅದನ್ನೇ ಅಳಿಸಿದ ಮೇಲೆ ಕಿವಿ ಇದ್ದೂ ಇಲ್ಲದಂತೆ. ಹೊರಗಿನ ಸದ್ದನ್ನು ಒಳಕ್ಕೆ ಬಿಡುವ ಏರ್ಪಾಡು ಕೆಲವದರಲ್ಲಿ ಉಂಟು; ಗಾಳಿ ಬೀಸಿದಾಗ ಅದೂ ಬರಿಯ ಬುಸುಗುಟ್ಟುವಿಕೆಯಾಗುವುದುಂಟು.

ಒಂದೇ ಕಿವಿಗೆ ಹಾಕಿಕೊಂಡರಾಗದೇ ಎಂದು ಮಿತ್ರರೊಬ್ಬರು ಕೇಳಿದರು. ಏನೂ ಇಲ್ಲದ್ದಕ್ಕಿಂತ ಮೇಲು. ಆದರೆ ಸದ್ದು ಯಾವ ದಿಕ್ಕಿನಿಂದ ಬಂತೆಂಬುದನ್ನು ನಾವು ತಿಳಿಯುವುದು ಎರಡು ಕಿವಿಗಳನ್ನು ಹೋಲಿಸಿ. ಎಡಗಡೆಯ ಸದ್ದು ಎಡಗಿವಿಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಕಾಲ ಮೊದಲು ತಲಪುತ್ತದೆ. ಅಷ್ಟನ್ನೇ ಹಿಡಿದು ಮೆದುಳು ದಿಕ್ಕನ್ನು ನಿರ್ಣಯಿಸುತ್ತದೆ. ಒಂದು ಕಿವಿ ಮುಚ್ಚಿದರೆ ಬಸ್ಸಿನ ಸದ್ದು ಕೇಳಿಸಿದರೂ ಅದು ಎಲ್ಲಿಂದ ಬಂತೆಂಬುದು ಮಸುಕಾಗುತ್ತದೆ.

ನಮ್ಮ ಸೀಮೆಯಲ್ಲಿ ಮರೆಯಬಾರದ ಇನ್ನೊಂದು ಸಂಗತಿ ನೀರು. ಮಳೆಗಾಲದಲ್ಲಿ ಮಳೆ, ಉಳಿದ ಕಾಲದಲ್ಲಿ ಬೆವರು. ನನ್ನ ಮೊದಲಿನ ಇಯರ್‌ಫೋನ್ “ವಾಟರ್‌ಪ್ರೂಫ್” ಎಂಬ ಹೆಸರು ಹೊತ್ತು ಬಂದು, ಆಷಾಢದ ಒಂದೇ ವಾರದಲ್ಲಿ ಮೂಕವಾಯಿತು. ಆ ಮಾತನ್ನು ನಂಬದೆ ಪೆಟ್ಟಿಗೆಯ ಮೇಲಿನ ಐಪಿ ಎಂಬ ಗುರುತನ್ನು ಓದಬೇಕೆಂದು ಆಮೇಲೆ ತಿಳಿಯಿತು. ಐಪಿಎಕ್ಸ್4 ಎಂದರೆ ಎಲ್ಲ ಕಡೆಯಿಂದ ಎರಚಿದ ನೀರನ್ನು ತಾಳುವುದು. ಐಪಿಎಕ್ಸ್5 ಎಂದರೆ ಕೊಳವೆಯಿಂದ ಚಿಮ್ಮಿದ ನೀರನ್ನು ತಾಳುವುದು. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದ್ದರೂ ಕೆಡದಿರುವುದು. ಎಕ್ಸ್ ಎಂಬುದು ಧೂಳಿನ ಪರೀಕ್ಷೆಯ ಅಂಕಿ ಕೊಟ್ಟಿಲ್ಲವೆಂಬುದರ ಗುರುತು. ವ್ಯಾಯಾಮಕ್ಕೆ ಐಪಿಎಕ್ಸ್4ಕ್ಕಿಂತ ಕಡಿಮೆಯಾದುದನ್ನು ಕೊಳ್ಳಬಾರದು. ಈ ಪರೀಕ್ಷೆಗಳೆಲ್ಲ ಸಿಹಿನೀರಿನವು, ಬೆವರಾದರೋ ಉಪ್ಪುನೀರು. ಆದುದರಿಂದ ಓಟ ಮುಗಿದ ಕೂಡಲೇ ಒರಸಿ ಆರಿಸಬೇಕು. ತೇವವಿರುವಾಗಲೇ ಚಾರ್ಜಿಗೆ ಇಟ್ಟರೆ ಉಪ್ಪು ಮತ್ತು ವಿದ್ಯುತ್ತು ಸೇರಿ ಲೋಹದ ತುದಿಗಳನ್ನು ತಿಂದುಹಾಕುತ್ತವೆ. ಸಾಧನದಂತೆ ಕಿವಿಗೂ ತೇವ ಆಗದು. ಬೆಚ್ಚಗಿನ ಒದ್ದೆ ನಾಳದಲ್ಲಿ ಬೂಷ್ಟು ಬೆಳೆದು ತುರಿಕೆ, ನೋವು ಬರುವುದುಂಟು. ಒಬ್ಬರ ಇಯರ್‌ಬಡ್ಡನ್ನು ಮತ್ತೊಬ್ಬರು ಹಾಕಿಕೊಳ್ಳುವ ಹಾಸ್ಟೆಲಿನ ಸ್ನೇಹವನ್ನು ಈ ಒಂದು ವಿಷಯದಲ್ಲಿ ಬಿಡುವುದೇ ಮೇಲು.

ಎಲ್ಲಕ್ಕಿಂತ ಮುಖ್ಯವಾದುದು ಧ್ವನಿಯ ಪ್ರಮಾಣ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು ವಾರಕ್ಕೆ 40 ಗಂಟೆ ಕೇಳಬಹುದಾದುದು 80 ಡೆಸಿಬೆಲ್. ಡೆಸಿಬೆಲ್ಲಿನ ಲೆಕ್ಕ ನಮ್ಮ ರೂಪಾಯಿ ಪೈಸೆಯ ಲೆಕ್ಕದಂತಲ್ಲ. 3 ಡೆಸಿಬೆಲ್ ಏರಿದರೆ ಶಕ್ತಿ ಇಮ್ಮಡಿಯಾಗುತ್ತದೆ, ಕೇಳಬಹುದಾದ ಕಾಲ ಅರ್ಧಕ್ಕಿಳಿಯುತ್ತದೆ. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ದಿನಕ್ಕೊಂದು ಗಂಟೆಯಂತೆ ನಾಲ್ಕು ದಿನ ಓಡುವವನು ಅಷ್ಟು ಗಟ್ಟಿಯಾಗಿ ಕೇಳಿದರೆ ವಾರದ ಪಾಲು ಅಲ್ಲಿಗೆ ಮುಗಿಯಿತು. ಎಲುಬಿನ ಮೂಲಕ ಕೇಳುವುದರಿಂದ ಕಿವಿಗೆ ಅಪಾಯವಿಲ್ಲವೆಂಬುದು ತಪ್ಪು ಕಲ್ಪನೆ. ದಾರಿ ಬೇರೆಯಾದರೂ ಸೇರುವುದು ಅದೇ ಒಳಕಿವಿಯ ರೋಮಕೋಶಗಳನ್ನು. ಅವು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಬಯಲಾಟ ಮುಗಿದ ಮೇಲೆ ಚೆಂಡೆಯ ಪಕ್ಕದಲ್ಲಿ ಕುಳಿತವನ ಕಿವಿ ಗುಂಯ್ ಎನ್ನುವುದುಂಟಲ್ಲವೆ? ಓಟದ ಬಳಿಕವೂ ಹಾಗೆ ಆದರೆ, ಅದು ಧ್ವನಿಯನ್ನು ತಗ್ಗಿಸೆಂದು ಕಿವಿ ಕೊಡುವ ಎಚ್ಚರಿಕೆ.

ಕೊಳ್ಳುವಾಗ ಅಂಗಡಿಯಲ್ಲಿಯೇ ಹಾಕಿಕೊಂಡು ತಲೆ ಕೊಡವಿ, ಎರಡು ಬಾರಿ ಕುಪ್ಪಳಿಸಿ, ಏನಾದರೂ ಜಗಿದಂತೆ ಬಾಯಾಡಿಸಿ ನೋಡಬೇಕು, ನಾಚಿಕೆ ಬೇಡ. ಜೊತೆಗೆ ಬರುವ ಸಣ್ಣ, ದೊಡ್ಡ ತುದಿಗಳನ್ನು ಬದಲಿಸಿ ನೋಡಬೇಕು. ಕಿವಿಗೆ ಸಿಕ್ಕಿಸುವ ಕೊಕ್ಕೆಯಿದ್ದರೆ ಜಾರುವ ಭಯ ಕಡಿಮೆ. ತಂತಿಯುಳ್ಳದ್ದನ್ನೂ ತಿರಸ್ಕರಿಸಬೇಕಾಗಿಲ್ಲ; ಬೆಲೆ ಅಗ್ಗ, ಚಾರ್ಜಿನ ಗೊಡವೆಯಿಲ್ಲ. ತಂತಿಯನ್ನು ಅಂಗಿಯೊಳಗಿನಿಂದ ತಂದರೆ ಕೈಗೆ ಸಿಕ್ಕಿ ಎಳೆಯುವುದಿಲ್ಲ.

ನನ್ನ ನಿರ್ಧಾರವನ್ನೂ ಹೇಳಿಬಿಡುತ್ತೇನೆ. ಎಲುಬಿನ ಹೆಡ್‌ಫೋನ್ ಕೊಳ್ಳುವಷ್ಟು ಹಣ ನನ್ನಲ್ಲಿರಲಿಲ್ಲ. ಆದುದರಿಂದ ರಬ್ಬರಿನ ತುದಿಯಿಲ್ಲದ, ಕಿವಿಯ ಬಾಯಲ್ಲಿ ಸುಮ್ಮನೆ ಕುಳಿತುಕೊಳ್ಳುವ ತಂತಿಯ ಇಯರ್‌ಫೋನ್ ಕೊಂಡೆ. ವಾಹನ ಬಾರದ ಮೈದಾನದಲ್ಲಿ ಅದನ್ನು ಬಳಸುತ್ತೇನೆ. ರಸ್ತೆಯಲ್ಲಿ ಓಡುವ ದಿನ, ಮಳೆಯ ದಿನ ಅದು ಮನೆಯಲ್ಲಿಯೇ ಇರುತ್ತದೆ. ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡುತ್ತೇನೆ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ನಿಯಮದಲ್ಲಿಯೂ ಸ್ಪರ್ಧೆಯ ಅಂಕಣದೊಳಗೆ ರೇಡಿಯೋ, ಮೊಬೈಲುಗಳಂಥ ಸಾಧನಗಳನ್ನು ಬಳಸುವಂತಿಲ್ಲ. ಪಂದ್ಯಕ್ಕಾಗಿ ಅಭ್ಯಾಸ ಮಾಡುವವರು ಹಾಡಿಲ್ಲದೆ ಓಡುವುದನ್ನೂ ಕಲಿತಿರಲೇಬೇಕಾಗುತ್ತದೆ.

ಮೊನ್ನೆ ಅದೇ ತಿರುವಿನಲ್ಲಿ ಅದೇ ಬಸ್ಸು ಬಂತು. ಅದು ಕಣ್ಣಿಗೆ ಬೀಳುವ ಮೊದಲೇ ಸದ್ದು ಕೇಳಿ ಪಕ್ಕಕ್ಕೆ ಸರಿದು ನಿಂತೆ. ಚಾಲಕರು ಗುರುತು ಹಿಡಿದರೋ ಇಲ್ಲವೋ, ಕೈಯೆತ್ತಿ ಹೋದರು. ನನ್ನ ಸಹಪಾಠಿಗಳಲ್ಲಿ ಒಬ್ಬರಾದರೂ ಮುಂದಿನ ಸಲ ಇಯರ್‌ಫೋನ್ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಈ ಮಾತುಗಳನ್ನು ನೆನೆದರೆ, ಇದನ್ನು ಬರೆದುದು ಸಾರ್ಥಕವಾಯಿತೆಂದು ಭಾವಿಸುತ್ತೇನೆ.